ಲೂಮಿನ ಗಂಟು, ಸಾಲ್ಮನ್ ಮೀನು

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಸಾಲ್ಮನ್ ಹಿಡಿಯಲು ಸ್ಕಾಟ್ಲೆಂಡಿಗೆ ಹೋಗುತ್ತೇನೆ ಎಂದು ನಾನು ಹೇಳಿದಾಗ ನನ್ನ ನಾದಿನಿ ಶೇಂಗಾ ಸುಲಿಯುತ್ತಿದ್ದಳು. ಸುಲಿಯುತ್ತಲೇ ಇದ್ದಳು.

“ಹಿಡದು ಏನ್ ಮಾಡ್ತೀರಿ, ವೈನಿ? ನಮ್ಮನ್ಯಾಗ ತತ್ತಿ ಸುದ್ದಾ ಬರಂಗಿಲ್ಲ.”

“ಹಿಡದು ವಾಪಸ್ ಬಿಡ್ತೀನಿ.”

ಆಗ ತಲೆಯೆತ್ತಿದಳು. “ಬಿಡಾಕಂತ ಹಿಡಿಯೂದು ಯಾಕ್ರಿ?”

ಅವಳು ನನ್ನ ಯಜಮಾನರ ತಂಗಿ. ಅಕ್ಕಲಕೋಟದ ಹತ್ತಿರ ಅವಳ ಹೊಲ, ಮನೆ. ಸೋಲಾಪುರದ ವಿಜಾಪುರ ರಸ್ತೆಯಲ್ಲಿ ನನ್ನದು. ಇಬ್ಬರ ಯಜಮಾನರೂ ಹೋದ ಮೇಲೆ ತಿಂಗಳಲ್ಲಿ ಹತ್ತು ದಿನ ಅವಳು ನನ್ನಲ್ಲಿರುತ್ತಾಳೆ, ಹತ್ತು ದಿನ ನಾನು ಅವಳಲ್ಲಿರುತ್ತೇನೆ, ಉಳಿದ ದಿನಗಳಲ್ಲಿ ಫೋನಿನ ಮೇಲೆ ಜಗಳವಾಡುತ್ತೇವೆ.  ಈ ಮೀನಿನ ಹುಚ್ಚು ನನಗೆ ಹಳೆಯದು.

ಅದರ ಮೂಲ ನನ್ನ ಸಾಲೆಯಲ್ಲಿದೆ. ಸೋಲಾಪುರದ ಕಾನ್ವೆಂಟಿನಲ್ಲಿ ನಮಗೆ ಜಿಯಾಗ್ರಫಿ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ತಂಪು ದೇಶದಿಂದ ಬಂದವರು. ಮಾರ್ಚ್ ಬಂತೆಂದರೆ ಅವರ ಮುಖ ಟೊಮ್ಯಾಟೊದಂತೆ ಕೆಂಪಾಗುತ್ತಿತ್ತು. ಅಂಥ ಒಂದು ಬಿಸಿಲಿನ ಮಧ್ಯಾಹ್ನ ಅವರು ಪಾಠ ಬಿಟ್ಟು ಬೋರ್ಡಿನ ಮೇಲೆ ಒಂದು ನದಿ ಬರೆದರು, ನದಿಗೆ ಅಡ್ಡವಾಗಿ ಬಂಡೆ, ಬಂಡೆಯ ಮೇಲೆ ಗಾಳಿಯಲ್ಲಿ ಬಿಲ್ಲಿನಂತೆ ಬಾಗಿದ ಒಂದು ಮೀನು. ಈ ಮೀನು ಹಳ್ಳದಲ್ಲಿ ಹುಟ್ಟಿ ಸಮುದ್ರಕ್ಕೆ ಹೋಗುತ್ತದೆ, ವರ್ಷಗಟ್ಟಲೆ ಅಲ್ಲೇ ಬೆಳೆಯುತ್ತದೆ, ಮತ್ತೆ ತತ್ತಿ ಇಡಲು ತಾನು ಹುಟ್ಟಿದ ಹಳ್ಳವನ್ನೇ ಹುಡುಕಿಕೊಂಡು ಬರುತ್ತದೆ ಎಂದರು. ನಾನು ಎದ್ದು ನಿಂತು ಕೇಳಿದೆ: “ಸಿಸ್ಟರ್, ದಾರಿಯಲ್ಲಿ ಊಟ?” ಸಿಸ್ಟರ್ ಸೀಮೆಸುಣ್ಣ ಕೆಳಗಿಟ್ಟು, “ನಥಿಂಗ್, ಚೈಲ್ಡ್. ನಾಟ್ ಎ ಬೈಟ್,” ಎಂದರು. ನದಿಗೆ ಬಂದ ಮೇಲೆ ಅದು ತಿನ್ನುವುದಿಲ್ಲವಂತೆ. ಆ ಬೋರ್ಡನ್ನು ಒರೆಸಿದ್ದು ನಾನೇ. ಅವತ್ತು ನನ್ನ ಪಾಳಿ. ಮೀನನ್ನು ಕೊನೆಗೆ ಒರೆಸಿದೆ.

ಆಮೇಲೆ ಮದುವೆ, ಮಕ್ಕಳು, ಚಾದರಿನ ವ್ಯಾಪಾರ. ಯಜಮಾನರಿಗೆ ಹೇಳಿದಾಗೆಲ್ಲ “ಮುಂದಿನ ವರ್ಷ” ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಈಗ ನನಗೆ ಬೇಕಾಗಿದ್ದದ್ದು ಒಂದೇ. ಒಮ್ಮೆ ಒಂದು ಸಾಲ್ಮನ್ ನನ್ನ ದಾರದ ತುದಿಗೆ ಬರಬೇಕು, ಅದನ್ನು ನೀರಲ್ಲೇ ಮುಟ್ಟಿ ನೋಡಬೇಕು, ಅದು ತನ್ನ ದಾರಿ ಹಿಡಿದು ಹೋಗಬೇಕು.

ನವಿ ಪೇಠೆಯಲ್ಲಿ ನಮ್ಮ ಕಡೆಯವರನ್ನೆಲ್ಲ ಕಾಶಿಗೆ, ರಾಮೇಶ್ವರಕ್ಕೆ ಕಳಿಸುವ ಟ್ರಾವೆಲ್ಸಿನವನ ಹತ್ತಿರ ಹೋದೆವು. ನಾದಿನಿ ಬಂದದ್ದು ನನ್ನನ್ನು ತಡೆಯಲು. ಅವನು ಹೆಸರು ಬರೆದುಕೊಂಡು, ಕಂಪ್ಯೂಟರಿನಲ್ಲಿ ಏನೋ ಒತ್ತಿ, ಕೇಳಿದ: “ಕಾಕೂ, ಅಲ್ಲಿ ದರ್ಶನ ಯಾವುದರದು?”

“ಮೀನಿಂದು,” ಎಂದಳು ನಾದಿನಿ.

“ಮತ್ಸ್ಯಾವತಾರ ಏನ್ರಿ?”

“ಹೂಂ. ನಮ್ ವೈನೀನ ಪೂಜಾರಿ.”

ಅವನು ನಗಲಿಲ್ಲ. ಬಹಳ ಮರ್ಯಾದೆಯಿಂದ “ಎಷ್ಟು ಮಂದಿ?” ಎಂದ. ನಾನು ಒಬ್ಬಳೇ ಎನ್ನುವಷ್ಟರಲ್ಲಿ ನಾದಿನಿ ಎರಡು ಬೆರಳು ತೋರಿಸಿದಳು. ಹೊರಗೆ ಬಂದು ಕೇಳಿದರೆ, “ನೀವು ಅಲ್ಲಿ ಏನ್ ಮಾಡ್ತೀರಿ ಅಂತ ನೋಡಾವ್ರು ಯಾರರೆ ಬೇಕಲ್ರಿ,” ಎಂದಳು.

ನಾವು ಗೊತ್ತುಮಾಡಿದ್ದು ಒಂದು ಸಣ್ಣ ನದಿ. ಅಲ್ಲಿ ದಂಡೆಯ ಮಾಲೀಕರ ಪರ್ಮಿಟ್ ಇಲ್ಲದೆ ಯಾರೂ ಗಾಳ ಹಾಕುವಂತಿಲ್ಲ. ನಮಗೆ ಗುರುವಾರದಿಂದ ಶನಿವಾರದವರೆಗೆ ಮೂರು ದಿನ, ಒಂದೇ ರಾಡಿನ, ಅಂದರೆ ಒಂದೇ ಗಾಳದ ಕೋಲಿನ, ಪರ್ಮಿಟ್ ಸಿಕ್ಕಿತು. ರಾಡ್ ಒಂದು, ಕೈ ಇಬ್ಬರಲ್ಲಿ ಯಾರದ್ದಾದರೂ ಸರಿ. ಅವರು ಕಳಿಸಿದ ನಿಯಮಗಳ ಈಮೇಲನ್ನು ಹಳ್ಳಿಯ ಮನೆಯ ಕಟ್ಟೆಯ ಮೇಲೆ ಕೂತು ನಾದಿನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಎಲ್ಲ ಮೀನನ್ನೂ ವಾಪಸ್ ಬಿಡಬೇಕು. ಎರೆಹುಳ ಹಾಕುವಂತಿಲ್ಲ, ನೂಲು ಸುತ್ತಿ ಹುಳುವಿನಂತೆ ಮಾಡಿದ ಒಂಟಿ ಕೊಕ್ಕೆ ಮಾತ್ರ. ಅದಕ್ಕೆ ಫ್ಲೈ ಎಂದು ಹೆಸರು. ಕೊಕ್ಕೆಯ ಒಳಮುಳ್ಳನ್ನು ಚಪ್ಪಟೆ ಮಾಡಿರಬೇಕು, ಮೀನಿನ ಬಾಯಿಯಿಂದ ಅದು ಸಲೀಸಾಗಿ ಜಾರಿ ಬರುವಂತೆ.

“ಮುಟ್ಟೂ ಮೊದಲ ಕೈ ತೋಯಿಸ್ಕೋಬೇಕಂತ,” ಎಂದು ಓದಿದೆ. “ಒಣ ಕೈಲೆ ಮುಟ್ಟಿದ್ರ ಅದರ ಮೈಮ್ಯಾಗಿನ ಲೋಳಿ ಹೋಗಿ ರೋಗ ಬರ್ತದಂತ.”

“ಅಂದ್ರ ಮೀನಾ ಮಡೀಲೆ ಅದ,” ಎಂದಳು. ಮೊದಲ ಸಲ ಮೀನಿನ ಬಗ್ಗೆ ಅವಳ ದನಿಯಲ್ಲಿ ಸ್ವಲ್ಪ ಗೌರವ ಬಂತು. ರವಿವಾರ ಸಾಲ್ಮನ್ ಹಿಡಿಯುವುದು ಕಾನೂನಿಗೇ ವಿರುದ್ಧ ಎಂದಾಗ, “ಮೀನಕ್ಕೂ ಸೂಟಿ ಕೊಟ್ಟಾರ, ಶಾಣ್ಯಾ ಮಂದಿ,” ಎಂದಳು.

ನಾನು ಹುಮ್ಮಸ್ಸಿನಲ್ಲಿ ಸಿಸ್ಟರ್ ಹೇಳಿದ್ದನ್ನೂ ಹೇಳಿಬಿಟ್ಟೆ. ಅದೇ ತಪ್ಪಾಯಿತು.

“ಏನಂದ್ರಿ? ಉಣ್ಣಂಗಿಲ್ಲಾ?”

“ನದೀಗೆ ಬಂದ ಮ್ಯಾಲೆ ಏನೂ ತಿನ್ನಂಗಿಲ್ಲ. ಫ್ಲೈ ಕಂಡ್ರ ಸಿಟ್ಟಿಗೋ, ಸಣ್ಣದಿದ್ದಾಗಿನ ನೆನಪಿಗೋ ಬಾಯಿ ಹಾಕ್ತದಂತ. ಯಾರಿಗೂ ಪಕ್ಕಾ ಗೊತ್ತಿಲ್ಲ.”

“ಉಪಾಸ ಇದ್ದು ಮನಿಗೆ ಹೊಂಟದ್ದರ ಬಾಯಾಗ ಗಾಳ ಹಾಕ್ತೀರೇನ್ರಿ, ವೈನಿ?”

ಅವಳ ಮನೆಯ ಮುಂದಿನ ರಸ್ತೆಯಲ್ಲಿ ಅಕ್ಕಲಕೋಟಕ್ಕೆ ನಡೆದು ಹೋಗುವ ಯಾತ್ರಿಕರು ವರ್ಷವಿಡೀ ಕಾಣುತ್ತಾರೆ. ಬೇವಿನ ಮರದ ಕೆಳಗೆ ಅವಳು ಅವರಿಗೆ ಚಹಾ, ಬಾಳೆಹಣ್ಣು ಕೊಡುತ್ತಾಳೆ. ಕೊಟ್ಟು, ಕಾಲು ಮುಟ್ಟಿ, ಕೂಡಲೇ ಎಬ್ಬಿಸಿ ಕಳಿಸುತ್ತಾಳೆ. ನಡೆಯುವವರನ್ನು ಬಹಳ ಹೊತ್ತು ಕೂಡಿಸಿದರೆ ಕಾಲು ಹಿಡಿದುಕೊಂಡು ಮುಂದಿನ ದಾರಿ ಕಷ್ಟವಾಗುತ್ತದೆ ಎಂಬುದು ಅವಳ ಕಾಯ್ದೆ. ಮಾತಿಗೆ ನಿಂತ ಮನೆಯವರನ್ನೂ ಬೈಯುತ್ತಾಳೆ.

“ಹಂಗಾದ್ರ ವಚನ ಕೊಡ್ರಿ,” ಎಂದು ಕೈ ಚಾಚಿದಳು. “ಒಂದ ಮೀನಕ್ಕ ನಿಮ್ಮ ಕೈಲೆ ಗಾಯ ಆಗಿ ಹೋತಂದ್ರ, ಆ ರಾಡ್ ಮತ್ತ ಮುಟ್ಟಬಾರ್ದು. ಜಲ್ಮದಾಗ.”

ಅವಳ ಕೈ ಮೇಲೆ ಕೈ ಇಟ್ಟೆ. ಅಷ್ಟೆಲ್ಲ ನಿಯಮ ಓದಿದವಳಿಗೆ ಅದು ಬಹಳ ಸುಲಭದ ವಚನ ಎನಿಸಿತ್ತು.

ಫ್ಲೈಗಳನ್ನು ನಾನೇ ಕಟ್ಟಿದೆ. ಅಂಗಡಿಯವಕ್ಕೆ ಗರಿ, ತುಪ್ಪಳ ಹಾಕಿರುತ್ತಾರೆ. ನಾದಿನಿ ಅವನ್ನು ಮನೆಯೊಳಗೆ ಬಿಡುವುದಿಲ್ಲ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಪವರ್‌ಲೂಮುಗಳಿವೆ. ಅಲ್ಲಿ ಹೋಗಿ ಚಾದರಿನ ಕೆಂಪು, ಹಳದಿ ನೂಲಿನ ತುಂಡುಗಳನ್ನು ಆರಿಸಿ ತಂದೆ. ಲೂಮು ರಿಪೇರಿ ಮಾಡುವ ಜಾಬರ್ ಇಕ್ಕಳದಿಂದ ಕೊಕ್ಕೆಗಳ ಒಳಮುಳ್ಳು ಒತ್ತಿ ಕೊಟ್ಟ. ಕೊಡುವಾಗ, “ಬಾಯೀ, ಹಿಂಗ ಮಾಡಿದ್ರ ಮೀನ ಬಿಡಿಸ್ಕೊಂಡು ಹೋಗ್ತಾವಲ್ರಿ,” ಎಂದ. “ಹೋಗ್ಲಿ ಅಂತನ,” ಎಂದೆ. ಅವನು ನನ್ನನ್ನೊಮ್ಮೆ, ಕೊಕ್ಕೆಯನ್ನೊಮ್ಮೆ ನೋಡಿ ಲೂಮಿನ ಕಡೆಗೆ ಹೊರಟುಹೋದ.

ಕಟ್ಟಿದ ಫ್ಲೈಗೆ ಒಂದು ಗೇಣು ನೈಲಾನ್ ದಾರ ಬಿಗಿದು ಇಟ್ಟುಕೊಂಡೆ. ಆ ಗೇಣು ದಾರವನ್ನು ರಾಡಿನ ದಾರಕ್ಕೆ ಜೋಡಿಸಲು ವಿಡಿಯೋದಲ್ಲಿ ಒಂದು ಗಂಟು ತೋರಿಸಿದ್ದರು. ಐದು ಸುತ್ತು ಈ ಕಡೆ, ಐದು ಸುತ್ತು ಆ ಕಡೆ, ಎಂಜಲು ಹಚ್ಚಿ ನಿಧಾನ ಬಿಗಿಯಬೇಕು. ನನಗೆ ನಗು ಬಂತು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅಂಗಳದಲ್ಲಿ ಕೈಮಗ್ಗಗಳಿದ್ದವು. ಕಾನ್ವೆಂಟಿನ ಹುಡುಗಿಗೆ ಏನು ಬರುತ್ತದೆ ಎಂದು ನೋಡಲು ಅತ್ತೆ ಹರಿದ ಎಳೆಯೊಂದನ್ನು ಕೈಗೆ ಕೊಟ್ಟು ಲೂಮಿನ ಗಂಟು ಕಲಿಸಿದ್ದರು. ಒಂದು ಮಡಿಕೆ, ಒಂದು ಸುತ್ತು, ಒಂದು ಎಳೆತ. ಕಣ್ಣು ಬೇರೆ ಕಡೆ ಇದ್ದರೂ ಬೆರಳು ಹಾಕಬೇಕು. ಎಂಟು ದಿನದಲ್ಲಿ ಅತ್ತೆಗಿಂತ ಜಲ್ದಿ ಹಾಕತೊಡಗಿದೆ. ನನ್ನ ಗಂಟು ಚಾದರಿನಲ್ಲಿ ಎಲ್ಲಿದೆ ಎಂದು ಯಾರಿಗೂ ಕಾಣುತ್ತಿರಲಿಲ್ಲ, ಒಂದೂ ಬಿಚ್ಚಿದ್ದು ನೆನಪಿಲ್ಲ. ಅಂಥವಳಿಗೆ ಐದು ಸುತ್ತು ಯಾಕೆ ಬೇಕು?

ಕಾಸ್ಟಿಂಗ್ ಮಾತ್ರ ಬರಲೊಲ್ಲದು. ಆನ್‌ಲೈನಿನಲ್ಲಿ ತರಿಸಿದ ಆ ಉದ್ದನೆಯ ರಾಡನ್ನು ಹಿಂದೆ ತಂದು, ಒಂದು ಗಳಿಗೆ ತಡೆದು, ಮುಂದೆ ಬೀಸಬೇಕು. ದಾರ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತ ಹೋಗಿ ನೀರಿನ ಮೇಲೆ ಮೆಲ್ಲಗೆ ಇಳಿಯಬೇಕು. ಕೊಕ್ಕೆ ಇಲ್ಲದೆ ಬರೀ ನೂಲಿನ ಚೂರು ಕಟ್ಟಿ ವಿಜಾಪುರ ರಸ್ತೆಯ ಮನೆಯ ಟೆರೇಸಿನ ಮೇಲೆ ಪ್ರ್ಯಾಕ್ಟೀಸ್ ಮಾಡಿದೆ. ಮೊದಲ ದಿನ ಪಕ್ಕದ ಮನೆಯ ಟಿವಿ ಡಿಶ್ಶಿಗೆ ಸುತ್ತಿಕೊಂಡಿತು. ಎರಡನೆಯ ದಿನ ಅವರು ಒಣಹಾಕಿದ್ದ ಶಾವಿಗೆಗೆ.

ಮುಂದಿನ ಸಲ ಹಳ್ಳಿಗೆ ಹೋದಾಗ ಹೊಲದ ನೀರಿನ ಹೊಂಡದ ದಂಡೆಗೆ ರಾಡ್ ಒಯ್ದೆ. ನಾದಿನಿ ಸೆರಗು ತಲೆಗೆ ಎಳೆದುಕೊಂಡು ನೋಡುತ್ತ ಕೂತಳು. ನನ್ನ ದಾರ ನನ್ನ ಕಾಲಬುಡದಲ್ಲೇ ಶಾವಿಗೆಯಂತೆ ಗುಪ್ಪೆಯಾಗಿ ಬಿದ್ದಿತು, ಮತ್ತೆ ಬಿದ್ದಿತು.

“ಕೊಡ್ರಿ ಇಲ್ಲಿ. ನೋಡಾಕ ಆಗವಲ್ದು.”

ಎದ್ದು ಬಂದು ರಾಡ್ ಇಸಿದುಕೊಂಡಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹಿಂದೆ ತಂದಳು. ತಡೆದಳು. ಬೀಸಿದಳು. ದಾರ ಹೊಂಡದ ನಟ್ಟನಡುವೆ ನೆಟ್ಟಗೆ ಹೋಗಿ ಇಳಿಯಿತು. ನೀರು ಅಲುಗಿತೋ ಇಲ್ಲವೋ. 

“ಸಣ್ಣಾಕಿದ್ದಾಗ ಜ್ವಾಳದ ಹೊಲದಾಗ ಅಟ್ಟದ ಮ್ಯಾಲೆ ನಿಂತು ಕವಣಿ ಬೀಸಿ ಹಕ್ಕಿ ಹಾರಸ್ತಿದ್ದೆ,” ಎಂದಳು. “ಇದೂ ಹಂಗ. ತೋಳಲೆ ಅಲ್ಲ, ತಡಿಯೂದರಾಗ ಅದ. ಕಾನ್ವೆಂಟನ್ಯಾಗ ಕವಣಿ ಕಲಸ್ಲಿಲ್ಲೇನ್ರಿ?”

ನನಗೆ ಖುಷಿಯಾಯಿತು. ಹೊಟ್ಟೆಕಿಚ್ಚೂ ಆಯಿತು ಎಂದು ಬರೆಯದಿದ್ದರೆ ಸುಳ್ಳಾಗುತ್ತದೆ. ನಾನು ಐವತ್ತಕ್ಕೂ ಹೆಚ್ಚು ವರ್ಷ ಕನಸು ಕಂಡ ವಿದ್ಯೆ ಅವಳಿಗೆ ಮೊದಲ ಬೀಸಿಗೇ ಬಂದಿತ್ತು. “ಅಲ್ಲಿ ನೀನೂ ಹಾಕು,” ಎಂದರೆ, “ಛೀ, ಕೊಕ್ಕಿ ಇದ್ದದ್ದು ನಾ ಮುಟ್ಟಂಗಿಲ್ಲ,” ಎಂದಳು. ಆದರೂ ಅವಳೇ ಗುರುವಾಗಿ ನಿಂತು, ದಿನಾ ಮುಂಜಾನೆ ಬೈದು ಬೈದು, ನನ್ನ ಕೈಯನ್ನು ಒಂದು ಹದಕ್ಕೆ ತಂದಳು. ಹೊರಡುವ ಮೊದಲು ರಾಡು, ದಾರಗಳನ್ನೆಲ್ಲ ಔಷಧ ಹಾಕಿ ತೊಳೆದು ಒಣಗಿಸಬೇಕೆಂದು ಈಮೇಲಿನಲ್ಲಿತ್ತು, ಬೇರೆ ಊರಿನ ನೀರಿನ ಹುಳ ಅವರ ನದಿಗೆ ಹೋಗಬಾರದೆಂದು. ತೊಳೆದು ಮೂರು ದಿನ ಟೆರೇಸಿನ ಮೇಲೆ ಇಟ್ಟೆವು. ಸೋಲಾಪುರದ ಬಿಸಿಲಿನಲ್ಲಿ ಮೂರು ದಿನ ಬದುಕುವ ಹುಳ ಇನ್ನೂ ಹುಟ್ಟಿಲ್ಲ.

ಸ್ಕಾಟ್ಲೆಂಡಿನ ಆ ನದಿಯನ್ನು ಮೊದಲು ಕಂಡಾಗ ನಾನು ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಹಚ್ಚಿಕೊಂಡೆನಂತೆ. ನಾದಿನಿ ಈಗಲೂ ಎಲ್ಲರಿಗೂ ಹೇಳುತ್ತಾಳೆ. ನೀರು ಕರೀ ಚಹಾದ ಬಣ್ಣದ್ದು, ತಳದ ಕಲ್ಲು ಒಂದೊಂದೂ ಕಾಣುತ್ತಿತ್ತು. ದಂಡೆಯ ಮಾರ್ಗದರ್ಶಿ ಅರವತ್ತು ದಾಟಿದ ಎತ್ತರದ ಮನುಷ್ಯ. ಅವರ ಇಂಗ್ಲಿಷ್ ನನ್ನ ಕಾನ್ವೆಂಟ್ ಇಂಗ್ಲಿಷಿಗೆ ಅರ್ಧ ಮಾತ್ರ ತಿಳಿಯುತ್ತಿತ್ತು. ನಾದಿನಿ ಅವರನ್ನು ಮೊದಲ ದಿನದಿಂದಲೇ “ಮಾಮಾ” ಎಂದಳು, ಬ್ರೆಡ್ಡಿಗೆ ಶೇಂಗಾ ಚಟ್ನಿ ಹಚ್ಚಿ ಕೊಟ್ಟಳು. ಮಾಮಾ ಕೆಮ್ಮಿದರು, ಕಣ್ಣೊರೆಸಿಕೊಂಡರು, ಇನ್ನೊಂದು ಕೇಳಿದರು.

ಅವರು ಮೊದಲು ಮಾಡಿದ ಕೆಲಸ ನದಿಗೆ ಥರ್ಮಾಮೀಟರ್ ಇಟ್ಟು ನೋಡಿದ್ದು. ನೀರು ಬೆಚ್ಚಗಾಗಿದ್ದರೆ ಮೀನಿಗೆ ಉಸಿರು ಸಾಲುವುದಿಲ್ಲ, ಆಗ ಅವರು ಯಾರಿಗೂ ಗಾಳ ಹಾಕಲು ಬಿಡುವುದಿಲ್ಲ. ನೀರು ತಣ್ಣಗಿತ್ತು. ಎದೆಮಟ್ಟದ ರಬ್ಬರಿನ ಪ್ಯಾಂಟು ತೊಡಿಸಿ ನನ್ನನ್ನು ಮೊಣಕಾಲು ನೀರಿಗೆ ಇಳಿಸಿದರು. ಗುರುವಾರ ಏನೂ ಇಲ್ಲ. ಶುಕ್ರವಾರವೂ ಇಲ್ಲ. ಆದರೆ ಸಾಲ್ಮನ್ ಹಾರುವುದನ್ನು ಕಂಡೆವು! ತಿರುವಿನ ಹತ್ತಿರ, ಬೆಳ್ಳಿಯ ತಂಬಿಗೆ ಎಸೆದಂತೆ ಮೇಲೆದ್ದು ಧಪ್ಪೆಂದು ಬಿದ್ದಿತು. ನಾನು ಚೀರಿದೆ, ನಾದಿನಿ ಚೀರಿದಳು, ಮಾಮಾ ಇಬ್ಬರನ್ನೂ ಸುಮ್ಮನಿರಿಸಿದರು.

ಎರಡು ದಿನವೂ ತಮ್ಮದೇ ಫ್ಲೈ ಆರಿಸಿ ಗಂಟು ಹಾಕಿದ್ದು ಮಾಮಾ. ಶನಿವಾರ ಮುಂಜಾನೆ ಅವರು ನಾದಿನಿಯ ಕೈ ಹಿಡಿದು ದಂಡೆ ಇಳಿಸುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ. ಕೊನೆಯ ದಿನ. ಅವರ ಫ್ಲೈ ಬಿಚ್ಚಿ, ನಮ್ಮ ಚಾದರಿನ ಕೆಂಪು ನೂಲಿನದನ್ನು ತೆಗೆದು, ಅದರ ಗೇಣು ದಾರವನ್ನು ರಾಡಿನ ದಾರಕ್ಕೆ ಲೂಮಿನ ಗಂಟಿನಿಂದ ಜೋಡಿಸಿದೆ. ಒಂದು ಮಡಿಕೆ, ಒಂದು ಸುತ್ತು, ಒಂದು ಎಳೆತ. ಅತ್ತೆ ನೋಡಿದ್ದರೆ ಹೌದೆನ್ನುತ್ತಿದ್ದರು.

ಮೂರನೆಯ ಬೀಸಿಗೆ ಬಂತು.

ಅದನ್ನು ಹೇಗೆ ಬರೆಯಲಿ? ದಾರ ಸುಮ್ಮನೆ ತೇಲುತ್ತಿತ್ತು, ಆಮೇಲೆ ಸುಮ್ಮನಿರಲಿಲ್ಲ. ನದಿಯ ಒಳಗಿನಿಂದ ಯಾರೋ ನನ್ನ ಕೈ ಹಿಡಿದು ಎಳೆದ ಹಾಗೆ! ರೀಲು ಕಿರ್ರೆಂದು ತಿರುಗಿತು, ರಾಡು ಬಾಗಿತು, ನನ್ನ ಹೆಗಲ ತನಕ ನಡುಕ ಬಂತು. ಮಾಮಾ ಓಡಿಬಂದರು. ನಾನು “ಸಿಸ್ಟರ್! ಸಿಸ್ಟರ್!” ಎಂದು ಕೂಗುತ್ತಿದ್ದೆನಂತೆ, ನನಗೆ ನೆನಪಿಲ್ಲ. ನೀರಿನಲ್ಲಿ ಅದರ ಬೆನ್ನು ಕಂಡಿತು, ನನ್ನ ತೋಳಿನಷ್ಟು ಉದ್ದ.

ಒಮ್ಮೆಲೇ ದಾರ ಹಗುರಾಯಿತು.

ಎಳೆದುಕೊಂಡು ನೋಡಿದೆ. ಹರಿದಿರಲಿಲ್ಲ. ತುದಿ ಹಾಗಲಬಳ್ಳಿಯ ಕುಡಿಯಂತೆ ಸುರುಳಿ ಸುತ್ತಿತ್ತು. ಮಾಮಾ ಆ ಸುರುಳಿಯನ್ನು ಬೆರಳಲ್ಲಿ ಹಿಡಿದು ನೋಡಿದರು. ಅವರಿಗೆ ತಿಳಿಯಿತು, ನನಗೂ ತಿಳಿಯಿತು. ಹತ್ತಿಯ ಎಳೆ ಒಂದನ್ನೊಂದು ಕಚ್ಚಿಕೊಳ್ಳುತ್ತದೆ, ನೈಲಾನ್ ಜಾರುತ್ತದೆ. ನನ್ನ ಫ್ಲೈ, ಗೇಣು ದಾರದ ಸಮೇತ, ಆ ಮೀನಿನ ಬಾಯಲ್ಲಿತ್ತು.

ನಾದಿನಿ ದಂಡೆಯಿಂದ ಕೂಗಿದಳು: “ಬಿಡಿಸ್ಕೊಂಡು ಹೋತೇನ್ರಿ, ವೈನಿ? ಚೊಲೋ ಆತು!”

ಹೌದು ಎಂದರೆ ಮುಗಿಯುತ್ತಿತ್ತು. ಮಾಮಾನಿಗೆ ಕನ್ನಡ ಬರುವುದಿಲ್ಲ. ನದಿಯಲ್ಲಿ ಮೀನು ಇನ್ನೂ ಏರುತ್ತಿದ್ದವು, ಇಡೀ ದಿನ ನನ್ನ ಮುಂದಿತ್ತು, ಇನ್ನೊಂದು ಬಂದೇ ಬರುತ್ತದೆ ಎಂದು ನನ್ನ ಅಂಗೈ ಹೇಳುತ್ತಿತ್ತು. ನಾನು ನೀರಿನಿಂದ ಮೇಲೆ ಬಂದು ರಾಡನ್ನು ಹುಲ್ಲಿನ ಮೇಲೆ ಇಟ್ಟೆ.

“ಗಂಟು ಜಾರ್ತು. ನಂದ ಗಂಟು. ಕೊಕ್ಕಿ ಅದರ ಬಾಯಾಗ ಹೋತು.”

 ಒಳಮುಳ್ಳು ಇಲ್ಲದ್ದರಿಂದ ಮೀನು ಅದನ್ನು ಉದುರಿಸಿಕೊಳ್ಳುವ ಸಂಭವ ಹೆಚ್ಚು ಎಂದು ಮಾಮಾ ಹೇಳಿದರು. ನಾನು ಅನುವಾದಿಸಿದೆ. “ಹೆಚ್ಚು ಅಂದ್ರ ಪಕ್ಕಾ ಅಲ್ಲ,” ಎಂದಳು. ಅಲ್ಲ ಎಂದು ನಾನೂ ಒಪ್ಪಿದೆ. ರಾಡ್ ಹುಲ್ಲಿನ ಮೇಲೆಯೇ ಇತ್ತು. ಇಬ್ಬರೂ ಊರಿಂದ ತಂದ ಕಟಕ ಜೋಳದ ರೊಟ್ಟಿ ತಿಂದೆವು. 

ಮಧ್ಯಾಹ್ನ ಅವಳು ನನ್ನ ಡಬ್ಬಿ ತೆಗೆದು, ಟೆರೇಸಿನ ಮೇಲಿನ ಪ್ರ್ಯಾಕ್ಟೀಸಿನ ಹಳದಿ ನೂಲಿನ ಚೂರೊಂದನ್ನು ಹುಡುಕಿದಳು. ಕೊಕ್ಕೆ ಇಲ್ಲದ್ದು. ಅದನ್ನು ಮಾಮಾನ ಅಂಗೈಯಲ್ಲಿಟ್ಟು ದಾರದ ತುದಿ ತೋರಿಸಿದಳು.

“ಏನ್ ಮಾಡಾಕತ್ತೀ?”

“ರಾಡ್ ಮುಟ್ಟಂಗಿಲ್ಲ ಅಂತ ವಚನ ಕೊಟ್ಟಾವ್ರು ನೀವು. ನಾ ಏನ್ ಕೊಟ್ಟಿಲ್ಲಲ್ಲ. ಪರ್ಮಿಟ್ ಹಂಗ ಹಾಳಾಗೂದು ಯಾಕ? ನೀವು ನೋಡ್ರಿ, ಎಲ್ಲಿ ಹಾರ್ತದ ಹೇಳ್ರಿ.”

ಮಾಮಾ ನೂಲನ್ನು ತಿರುಗಿಸಿ ನೋಡಿ, ಕೊಕ್ಕೆ ಇಲ್ಲ ಎಂದು ನನಗೆ ಹೇಳಿದರು. ಗೊತ್ತು ಎಂದೆ. ಅವರು ಐದೈದು ಸುತ್ತು ಸುತ್ತಿ, ಎಂಜಲು ಹಚ್ಚಿ, ನಿಧಾನವಾಗಿ ಬಿಗಿದರು. ಈ ಸಲ ನಾನು ಕಣ್ಣು ಮಿಟುಕಿಸದೆ ನೋಡಿದೆ.

ಇಲಕಲ್ ಸೀರೆಯನ್ನು ರಬ್ಬರ್ ಪ್ಯಾಂಟಿನೊಳಗೆ ತುರುಕಿಕೊಂಡು ಅವಳು ನೀರಿಗಿಳಿದಳು. ಹಿಂದೆ, ತಡೆ, ಮುಂದೆ. ದಾರ ಆಚೆ ದಂಡೆಯ ಬಂಡೆಯ ನೆರಳಿನವರೆಗೂ ಹೋಯಿತು. ಮಾಮಾ ತಲೆಯ ಮೇಲಿನ ಟೋಪಿ ತೆಗೆದರು. ಹತ್ತು ಸಲ ಬೀಸಿದಳೋ, ಇಪ್ಪತ್ತು ಸಲವೋ. ನಾನು ದಂಡೆಯ ಮೇಲೆ ತುದಿಗಾಲಲ್ಲಿ ನಿಂತು, “ಆ ಕಲ್ಲಿನ ಬಾಜೂಕ! ಇನ್ನೂ ಆ ಕಡಿ!” ಎಂದು ಕೂಗುತ್ತಿದ್ದೆ. ನೂಲಿನ ಹಿಂದೆ ನೀರು ಉಬ್ಬಿತು. ನಾನು ಕಂಡೆ, ಕಪ್ಪು ಬೆನ್ನು, ಹಿಂಬಾಲಿಸಿ ಬರುತ್ತಿತ್ತು.

“ಎಳೀತು! ವೈನೀ, ಎಳೀತು! ಯವ್ವಾ, ಎಷ್ಟು ತಾಕತ್ತು ಅದರದು!”

ರಾಡು ಬಾಗಿತು, ಮಾಮಾ ನಕ್ಕುಬಿಟ್ಟರು, ಮತ್ತೆ ದಾರ ಸಡಿಲಾಯಿತು. ಮೀನಿಗೆ ಬೇಡವೆನಿಸಿ ಬಿಟ್ಟುಕೊಟ್ಟಿತ್ತು, ಅಷ್ಟೇ. ನೂಲು ಹಾಗೇ ವಾಪಸ್ ಬಂತು. ನಾದಿನಿ ನನ್ನ ಕಡೆ ತಿರುಗಿ ನಿಂತಾಗ ಅವಳ ಮುಖ ಅಟ್ಟದ ಮೇಲಿನ ಹುಡುಗಿಯದೇ ಆಗಿತ್ತು. ದಂಡೆಗೆ ಬಂದು ಆ ನೂಲನ್ನು ನನ್ನ ಅಂಗೈಯಲ್ಲಿಟ್ಟಳು. ತಣ್ಣಗೆ ಒದ್ದೆಯಾಗಿತ್ತು, ಒಂದೆರಡು ಎಳೆ ಕಿತ್ತು ಬಂದಿತ್ತು. ಅಂಗೈ ಮುಚ್ಚಿಕೊಂಡೆ.

“ಬಿಡಾಕಂತ ಹಿಡಿಯೂದು ಯಾಕ ಅಂದಿದ್ಯಲ್ಲ?” ಎಂದೆ.

“ನಾ ಎಲ್ಲಿ ಹಿಡದೀನ್ರಿ? ಅದ ನನ್ನ ಹಿಡದಿತ್ತು.”

ಈಗ ವಿಜಾಪುರ ರಸ್ತೆಯ ನನ್ನ ಮೇಜಿನ ಮೇಲೆ ಹಳದಿ, ಕೆಂಪು, ಹಸಿರು ನೂಲಿನ ಚೂರುಗಳಿವೆ. ಕೊಕ್ಕೆಯ ಡಬ್ಬಿಯನ್ನು ಜಾಬರನಿಗೆ ಕೊಟ್ಟುಬಿಟ್ಟೆ. ರಾಡನ್ನು ನಾನು ಮುಟ್ಟುವುದಿಲ್ಲ; ಒರೆಸಬೇಕಾದರೂ ನಾದಿನಿ ಬರುವವರೆಗೆ ಕಾಯುತ್ತೇನೆ. ಆ ಮೊದಲ ಮೀನು ನನ್ನ ನೂಲನ್ನು ಎಲ್ಲಿ ಉದುರಿಸಿತೋ, ಉದುರಿಸಿತೋ ಇಲ್ಲವೋ ಎಂದು ಚಹಾ ಕುದಿಯುವಾಗ ಒಮ್ಮೊಮ್ಮೆ ನೆನಪಾಗುತ್ತದೆ. ಮುಂದಿನ ಸೀಸನ್ನಿಗೆ ಅದೇ ನದಿ, ಅದೇ ಮಾಮಾ, ಒಂದೇ ರಾಡಿನ ಪರ್ಮಿಟ್. ನವಿ ಪೇಠೆಯವನು ಈ ಸಲ ತಾನಾಗಿಯೇ ಎರಡು ಟಿಕೆಟ್ ಎಂದು ಬರೆದುಕೊಂಡ. ಬೀಸುವುದು ಅವಳ ಕೆಲಸ, ಮೀನು ಎಲ್ಲಿದೆ ನೋಡುವುದು, ಗಂಟು ಹಾಕುವುದು ನನ್ನದು. ಐದು ಸುತ್ತು ಈ ಕಡೆ, ಐದು ಸುತ್ತು ಆ ಕಡೆ. ದಿನಾ ಮುಂಜಾನೆ ಹತ್ತು ಗಂಟು ಹಾಕಿ, ಕಿಟಕಿಯ ಸರಳಿಗೆ ಕಟ್ಟಿ ಜಗ್ಗಿ ನೋಡುತ್ತೇನೆ.

ಅಷ್ಟರಲ್ಲಿ ಅಕ್ಕಲಕೋಟದಿಂದ ಫೋನು ಬರುತ್ತದೆ.

“ವೈನೀ, ಇವತ್ತಿನ ಗಂಟು ಹಾಕಿದ್ರಿ? ಬಾಯಿಲೆ ಹೇಳಬ್ಯಾಡ್ರಿ. ಫೋಟೋ ಕಳಸ್ರಿ.”